ಇದು ನಿಮ್ಮ ಹಳೆಯ ಪಾಸ್‌ವರ್ಡ್, ಬೇರೆ ಕೊಡಿ

ಮಾರ್ಚ್ ೩, ಸೋಮವಾರ

ಔಷಧ ವಿಭಾಗದ ಪ್ರಿಂಟರ್ ಮತ್ತೆ ಕಾಗದ ಕಚ್ಚಿಕೊಂಡಿದೆ. ಸರ್ವರ್ ಕೋಣೆಯ ಏಸಿ ತೊಟ್ಟಿಕ್ಕುತ್ತಿದೆ. ಕೆಳಗೆ ಬಕೆಟ್ ಇಟ್ಟು ಬಂದೆ. ಇಷ್ಟು ದೊಡ್ಡ ಆಸ್ಪತ್ರೆಯ ಎಲ್ಲರ ಗುಟ್ಟೂ ಇರುವ ಕೋಣೆಗೆ ಕಾವಲು ಒಂದು ನೀಲಿ ಬಕೆಟ್ಟು, ಮತ್ತು ಕಂಪ್ಯೂಟರ್ ನೋಡಿಕೊಳ್ಳುವ ನಾನು.

ಮನೆಯಲ್ಲಿ ಇವರ ಕಾಲಿಗೆ ಪ್ಲಾಸ್ಟರ್. ಬಚ್ಚಲಲ್ಲಿ ಜಾರಿ ಬಿದ್ದು ವಾರವಾಯಿತು. ಸ್ನಾನ, ತಿಂಡಿ, ಟೀವಿ ರಿಮೋಟು, ಕನ್ನಡಕ — ಎಲ್ಲ ಕೈಗೆ ಕೊಡಬೇಕು. ಕಾಲು ಮುರಿದುಕೊಂಡವರು ಅವರು, ಕುಂಟುತ್ತಿರುವುದು ನಾನು.

ಇವತ್ತಿನಿಂದ ಪಾಸ್‌ವರ್ಡ್ ಸುಗ್ಗಿ. ಮೂರು ತಿಂಗಳಿಗೊಮ್ಮೆ ಎಲ್ಲರೂ ಬದಲಾಯಿಸಲೇಬೇಕು, ಹಳೆಯದನ್ನೇ ಮತ್ತೆ ಕೊಡುವಂತಿಲ್ಲ. ಬೆಳಗ್ಗೆಯಿಂದ ಬಾಗಿಲಲ್ಲಿ ಸಾಲು. ಮರೆತವರು, ತಪ್ಪಾಗಿ ಹೊಡೆದವರು, ಸುಮ್ಮನೆ ಏಸಿ ಗಾಳಿಗೆ ಬಂದವರು.

ರೈಲಕ್ಕ ಬಂದರು. ಹೆಂಗಸರ ವಾರ್ಡಿನ ಹೆಡ್ ನರ್ಸ್. ಹೋದ ವರ್ಷ ಆಡಳಿತಾಧಿಕಾರಿಗಳ ಆದೇಶ ಬಂತಲ್ಲ — ಕಂಪ್ಯೂಟರಿನಲ್ಲಿ ಎಲ್ಲರ ಹೆಸರೂ ಇನಿಷಿಯಲ್ ಇಲ್ಲದೆ ಪೂರ್ತಿಯಾಗಿ, ನಮ್ಮದೇ ಅಕ್ಷರದಲ್ಲಿ ಇರಬೇಕೆಂದು. ಅವತ್ತು ಪರದೆಯ ಮೇಲೆ ಈ ಅಕ್ಕನ ಹೆಸರು ಬಂದಾಗ ವಾರ್ಡಿಗೆ ವಾರ್ಡೇ ನಕ್ಕಿತ್ತು. ಸ್ವಂತ ಹೆಸರು, ಅಪ್ಪನ ಹೆಸರು, ಗಂಡನ ಹೆಸರು, ಮನೆತನದ ಹೆಸರು — ಬೋಗಿಯ ಹಿಂದೆ ಬೋಗಿ. ಅವತ್ತಿನಿಂದ ಅವರು ರೈಲಕ್ಕ. ಕರೆದರೆ ಓಗೊಡುತ್ತಾರೆ, ನಗುತ್ತಾರೆ.

ಇವತ್ತು ನಗಲಿಲ್ಲ.

"ಏನ್ ಹಾಕಿದ್ರೂ 'ಇದು ನಿಮ್ಮ ಹಳೆಯ ಪಾಸ್‌ವರ್ಡ್, ಬೇರೆ ಕೊಡಿ' ಅಂತದೆ ಕಣಮ್ಮ. ಐದು ಸಲ ಬೇರೆ ಬೇರೆ ಹಾಕ್ದೆ."

"ಅಕ್ಕಾ, ಕೈ ಅಭ್ಯಾಸದಲ್ಲಿ ಹಳೇದೇ ಹೊಡೀತಿದ್ದೀರ."

"ಅಷ್ಟೂ ಗೊತ್ತಾಗಲ್ವಾ ನಂಗೆ?"

ಗೊತ್ತಾಗುವುದಿಲ್ಲ ಅನ್ನಲಿಲ್ಲ. ಹೀಗೆ ಹೇಳುವವರು ಪ್ರತಿ ಸುಗ್ಗಿಯಲ್ಲೂ ಒಂದಷ್ಟು ಜನ ಇರುತ್ತಾರೆ, ಎಲ್ಲ ಹಳಬರೇ. ಹಿಂದಿನ ಎರಡು ಸಲ ಮಾಡಿದ್ದನ್ನೇ ಮಾಡಿದೆ. ಅವರ ಖಾತೆಯ ಎದುರಿಗಿರುವ 'ಮುಂದೂಡು' ಗುಂಡಿ ಒತ್ತಿ ಇನ್ನೂ ಮೂರು ತಿಂಗಳು ಹಳೆಯದೇ ನಡೆಯುವಂತೆ ಮಾಡಿ ಕಳಿಸಿದೆ. ದೂರಿನ ಎದುರು ಬರೆದೆ: ಬಳಕೆದಾರರ ತಪ್ಪು.

ಕುತ್ತಿಗೆ ನೋವು. ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು ಇವತ್ತು.

ಮಾರ್ಚ್ ೬

ಏನೂ ಇಲ್ಲ. ಬಕೆಟ್ ತುಂಬಿತು, ಚೆಲ್ಲಿದೆ.

ಮಾರ್ಚ್ ೧೪, ಶುಕ್ರವಾರ, ಮಧ್ಯಾಹ್ನ

ಆಸ್ಪತ್ರೆಯಲ್ಲಿ ಎಲ್ಲರೂ ಪಿಸಪಿಸ.

ಹೆಂಗಸರ ವಾರ್ಡಿನಲ್ಲಿ ಒಬ್ಬ ಹೆಡ್‌ಮಿಸ್ಟ್ರೆಸ್ ಅಡ್ಮಿಟ್ ಆಗಿದ್ದರು. ಅವರ ಕಾಯಿಲೆ ಏನೆಂದು ಮನೆಯವರಿಗೂ ಹೇಳಿರಲಿಲ್ಲವಂತೆ. ಮಂಗಳವಾರ ಮಧ್ಯಾಹ್ನ ಯಾರೋ ಅವರ ಫೈಲು ತೆರೆದು ಪರದೆಯ ಫೋಟೋ ಹೊಡೆದಿದ್ದಾರೆ. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಶಾಲೆಯ ಪೋಷಕರ ಗುಂಪಿಗೂ ಹೋಗಿದೆ. ಆಕೆ ನಿನ್ನೆ ಡಿಸ್ಚಾರ್ಜ್ ಮಾಡಿಸಿಕೊಂಡು, ಮುಖ ಮುಚ್ಚಿಕೊಂಡು, ಹಿಂಬಾಗಿಲಿನಿಂದ ಹೋದರು. ಆ ಫೈಲಿನಲ್ಲಿ ಇದ್ದದ್ದನ್ನು ನಾನು ಇಲ್ಲೂ ಬರೆಯುವುದಿಲ್ಲ.

ಯಾರು ತೆರೆದರೆಂದು ನೋಡಲು ನನಗೆ ಹೇಳಿದರು. ನೋಡಿದೆ. ವಾರ್ಡಿನ ಡ್ಯೂಟಿ ರೂಮಿನ ಕಂಪ್ಯೂಟರು. ರೈಲಕ್ಕನ ಲಾಗಿನ್.

ರೈಲಕ್ಕ ಅವತ್ತು ರಜೆ.

ಮಾರ್ಚ್ ೧೮, ಮಂಗಳವಾರ

ವಿಚಾರಣೆ. ದೊಡ್ಡ ಡಾಕ್ಟರಮ್ಮ, ಆಡಳಿತಾಧಿಕಾರಿ, ಒಬ್ಬ ವಕೀಲರು. ಎದುರು ಕುರ್ಚಿಯಲ್ಲಿ ರೈಲಕ್ಕ, ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತ. ಪಕ್ಕದಲ್ಲಿ ನಾನು, ತಿಳಿದವಳು ಅಂತ.

ವಕೀಲರು ಕೇಳಿದರು: "ಈ ಪಾಸ್‌ವರ್ಡ್ ಕಂಪ್ಯೂಟರಿನೊಳಗಿಂದ ಯಾರಾದ್ರೂ ಕದೀಬಹುದಾ?"

ವಿವರಿಸಿದೆ. ನಾವು ಪಾಸ್‌ವರ್ಡನ್ನು ಹಾಗೇ ಇಡುವುದಿಲ್ಲ, ಅರೆದು ಇಡುತ್ತೇವೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಗಿರಣಿಯಲ್ಲಿ ಕಾಳು ಹಾಕಿದರೆ ಹಿಟ್ಟು. ಹಿಟ್ಟಿನಿಂದ ಕಾಳು ವಾಪಸ್ ಬರುವುದಿಲ್ಲ. ಲಾಗಿನ್ ಮಾಡಿದಾಗ ಕೊಟ್ಟದ್ದನ್ನು ಮತ್ತೆ ಅರೆದು, ಹಿಟ್ಟಿಗೆ ಹಿಟ್ಟು ಹೊಂದಿದರೆ ಮಾತ್ರ ಬಾಗಿಲು ತೆಗೆಯುತ್ತದೆ. ನಮ್ಮದು ಒಳ್ಳೆಯ ಗಿರಣಿ, ಹೆಸರು ಬಿಕ್ರಿಪ್ಟ್. ಬೇಕೆಂದೇ ನಿಧಾನವಾಗಿ ಅರೆಯುತ್ತದೆ, ಊಹಿಸುತ್ತ ಕೂರುವ ಕಳ್ಳ ಸುಸ್ತಾಗಲಿ ಅಂತ.

"ಅಂದ್ರೆ, ಆಗೋದಿಲ್ಲ?"

"ಆಗೋದಿಲ್ಲ ಸರ್."

ಎಷ್ಟು ಸಲೀಸಾಗಿ ಬಂತು ಆ ಮಾತು.

ಆಡಳಿತಾಧಿಕಾರಿ ಒಂದು ಹಾಳೆ ಎತ್ತಿ ತೋರಿಸಿದರು. "ಇವರು ವರ್ಷದಿಂದ ಪಾಸ್‌ವರ್ಡ್ ಬದಲಾಯಿಸೇ ಇಲ್ಲ. ಮೂರು ಸಲ ಮುಂದೂಡಿಸಿಕೊಂಡಿದ್ದಾರೆ."

"ಅದು ಬಿಡ್ಲಿಲ್ಲ ಸರ್," ರೈಲಕ್ಕನ ದನಿ ಸಣ್ಣದಾಯಿತು. "ಏನ್ ಕೊಟ್ರೂ ಹಳೇದು ಅಂತಿತ್ತು. ಇವಳಿಗೂ ಹೇಳಿದ್ದೀನಿ. ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಉಳಿದ ನಾನೂರು ಜನಕ್ಕೆ ಸರಿಯಾಗಿಯೇ ಆಗುತ್ತಿದೆ ಎಂದೆ. ಅದು ನಿಜ ಅಂತಲೇ ಅಂದುಕೊಂಡಿದ್ದೆ.

ಹೊರಗೆ ಕಾರಿಡಾರಿನಲ್ಲಿ ರೈಲಕ್ಕ ನನ್ನ ಕೈ ಹಿಡಿದುಕೊಂಡರು.

"ಯಾರಿಗೋ ಹೇಳಿರ್ಬೇಕು ಅಕ್ಕಾ ನೀವು. ಅದು ತಾನಾಗಿ ಆಚೆ ಬರಲ್ಲ. ನೆನಪು ಮಾಡ್ಕೊಳ್ಳಿ."

"ಯಾರಿಗೂ ಹೇಳಿಲ್ಲ."

"ಯಾರಿಗೂ?"

ನನ್ನ ಕೈ ಬಿಟ್ಟರು. ಆಮೇಲೆ, "ತಂಗಿಗೆ ಗೊತ್ತು," ಎಂದರು.

ಮಾರ್ಚ್ ೨೦, ಗುರುವಾರ

ರೈಲಕ್ಕನ ತಂಗಿ ಇಲ್ಲೇ ನೋಂದಣಿ ಕೌಂಟರಿನಲ್ಲಿ. ಕಾಂಟ್ರಾಕ್ಟ್ ಕೆಲಸ. ಮದುವೆಯಾಗಿಲ್ಲ. ಅಕ್ಕನ ಗಂಡ ತೀರಿಕೊಂಡ ಮೇಲೆ ಇಬ್ಬರೂ ಒಂದೇ ಮನೆ, ಒಂದೇ ಬಸ್ಸು. ಮಧ್ಯಾಹ್ನ ಅಕ್ಕ ಎರಡು ಡಬ್ಬಿ ಬಿಚ್ಚುವುದು, ತಂಗಿ ಮಾತಾಡುತ್ತ ಎರಡರಿಂದಲೂ ತಿನ್ನುವುದು — ಇದನ್ನು ನೋಡದವರು ಈ ಆಸ್ಪತ್ರೆಯಲ್ಲಿ ಇಲ್ಲ.

ಇವತ್ತು ಅವಳನ್ನು ಕೆಲಸದಿಂದ ತೆಗೆದರು. ಕೌಂಟರಿನಿಂದ ಡ್ಯೂಟಿ ರೂಮಿಗೆ ಒಂದು ತಿರುವು ಅಷ್ಟೇ. ಫೈಲು ತೆರೆದ ಆ ಮಂಗಳವಾರ ಊಟಕ್ಕೆ ಅಂತ ಅವಳು ಎದ್ದು ಹೋದದ್ದೂ ನಿಜ. ಪಾಸ್‌ವರ್ಡ್ ಗೊತ್ತಿದ್ದದ್ದು ಅವಳಿಗೊಬ್ಬಳಿಗೆ. ಅಷ್ಟು ಸಾಕಾಯಿತು.

ಹೋಗುವ ಮುಂಚೆ ನನ್ನ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

"ಮೇಡಂ, ಅದು ನನ್ನದೇ ಹೆಸರು. ಗುಬ್ಬಚ್ಚಿ. ಚಿಕ್ಕವಳಿದ್ದಾಗ ಅಕ್ಕ ಕರೀತಿದ್ದದ್ದು. ಅದನ್ನೇ ಪಾಸ್‌ವರ್ಡ್ ಮಾಡ್ಕೊಂಡಿದ್ಲು. ನಂಗೆ ಗೊತ್ತಿತ್ತು, ಇಲ್ಲ ಅನ್ನಲ್ಲ. ಆದ್ರೆ ನಾನು ಹೊಡೆದಿಲ್ಲ."

ಕಂಪ್ಯೂಟರಿನ ದಾಖಲೆಯಲ್ಲಿ ಇರುವುದು ಇದೆ.

"ನನ್ನ ಕೈಲಿ ಏನೂ ಇಲ್ಲಮ್ಮ," ಎಂದೆ.

"ಬೇರೆ ದಾರೀನೇ ಇಲ್ಲ ಅಂತ ಹೇಳಿದ್ದು ನೀವಂತಲ್ಲ."

ಹೇಳಿ ನಿಲ್ಲಲಿಲ್ಲ, ಹೋದಳು.

ಮಾರ್ಚ್ ೨೯

ರೈಲಕ್ಕನಿಗೆ ಎಚ್ಚರಿಕೆ ಪತ್ರ ಕೊಟ್ಟು ಕೆಲಸಕ್ಕೆ ಬಿಟ್ಟುಕೊಂಡರು. ವಾರ್ಡಿನಿಂದ ತೆಗೆದು ಸ್ಟೋರಿಗೆ ಹಾಕಿದ್ದಾರೆ. ಹತ್ತಿ, ಬ್ಯಾಂಡೇಜು, ಬೆಡ್‌ಶೀಟ್ ಎಣಿಸುತ್ತಾರೆ.

ತಂಗಿ ಮನೆ ಬಿಟ್ಟು ಹೋದಳಂತೆ. ಅಕ್ಕ ಅವಳನ್ನು ಕೂರಿಸಿಕೊಂಡು, "ನಿಜ ಹೇಳಿಬಿಡು, ನಾನು ಬೈಯಲ್ಲ" ಅಂದರಂತೆ. ಒಂದೇ ಸಲ ಅಲ್ಲ, ದಿನಾ. ಕೊನೆಗೆ ಒಂದು ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು. ಸ್ಟೋರಿನ ಗುಮಾಸ್ತ ಹೇಳಿದ್ದು ಇಷ್ಟು.

ಮಧ್ಯಾಹ್ನ ನೋಡಿದೆ. ರೈಲಕ್ಕ ಈಗಲೂ ಎರಡು ಡಬ್ಬಿ ತರುತ್ತಾರೆ. ಒಂದನ್ನು ಬಿಚ್ಚುವುದಿಲ್ಲ.

ಏಪ್ರಿಲ್ ೨೧, ಸೋಮವಾರ

ಬರೆಯದೆ ತಿಂಗಳೇ ಆಗುತ್ತ ಬಂತು. ಬರೆಯುವಂಥದ್ದು ಏನಿತ್ತು? ಎದ್ದೆ, ಅಡುಗೆ ಮಾಡಿದೆ, ಬಸ್ಸು ಹಿಡಿದೆ, ಪ್ರಿಂಟರ್ ಬಿಚ್ಚಿದೆ, ಬಕೆಟ್ ಚೆಲ್ಲಿದೆ, ಮಲಗಿದೆ.

ಇವರ ಪ್ಲಾಸ್ಟರ್ ಬಿಚ್ಚಿಸಿದ್ದಾಯಿತು. ಒಳಗಿನ ಕಾಲು ಇನ್ಯಾರದೋ ಕಾಲಿನ ಹಾಗೆ ಬಿಳಿಚಿಕೊಂಡಿದೆ. ಅದನ್ನೇ ನೋಡಿಕೊಂಡು, "ಇದು ನಂದೇನಾ ಅಂತ ಒಂದ್ಸಲ ಚೆಕ್ ಮಾಡಿ," ಎಂದರು ಡಾಕ್ಟರಿಗೆ. ಬಹಳ ದಿನದ ಮೇಲೆ ನಕ್ಕೆ.

ಜೂನ್ ೩, ಮಂಗಳವಾರ, ಸಂಜೆ ಬಸ್ಸಿನಲ್ಲಿ

ಮನೆ ಮುಟ್ಟುವವರೆಗೆ ಕಾಯಲಾಗದೆ ಇಲ್ಲೇ ಬರೆಯುತ್ತಿದ್ದೇನೆ.

ಮತ್ತೆ ಪಾಸ್‌ವರ್ಡ್ ಸುಗ್ಗಿ. ನಿದ್ದೆ ಡಾಕ್ಟರು ಫೋನ್ ಮಾಡಿದರು — ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವವರು, ಹಾಗಾಗಿ ಆ ಹೆಸರು. ಈ ಆಸ್ಪತ್ರೆಗೆ ಬಂದು ಇನ್ನೂ ಮೂರು ತಿಂಗಳು ತುಂಬಿಲ್ಲ, ಇದು ಅವರ ಮೊದಲ ಸುಗ್ಗಿ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ.

"ಮೇಡಂ, ನಿಮ್ಮ ಕಂಪ್ಯೂಟರಿಗೆ ನಾನೇ ಅನಸ್ತೇಶಿಯಾ ಕೊಡ್ಬೇಕಾ? ಏನ್ ಹೊಡೆದ್ರೂ ಹಳೇದು ಹಳೇದು ಅಂತಾನೇ ಇದೆ."

ಕೈ ಅಭ್ಯಾಸ ಡಾಕ್ಟ್ರೇ, ಎನ್ನಲು ಬಾಯಿ ತೆರೆದೆ. ಮೂವತ್ತರ ಹುಡುಗ, ಅವರದ್ದೂ ಮರೆವೇ? ಆಪರೇಷನ್ ಮಧ್ಯೆ ಬರಲಾಗದು ಅಂದದ್ದಕ್ಕೆ ನಾನೇ ಮೇಲಿನ ಮಹಡಿಗೆ ಹೋದೆ.

ನನ್ನ ಎದುರೇ ಹೊಡೆದರು. ಅವರ ನಾಯಿಯ ಹೆಸರು. ಅವರ ಬೈಕಿನ ನಂಬರು. ಮೂರನೆಯದು ಬೈಗುಳ.

ಇದು ನಿಮ್ಮ ಹಳೆಯ ಪಾಸ್‌ವರ್ಡ್, ಬೇರೆ ಕೊಡಿ.

ಕೀಲಿಮಣೆ ಈಚೆ ಎಳೆದುಕೊಂಡು ನಾನೇ ಕಣ್ಣುಮುಚ್ಚಿ ಬಾಯಿಗೆ ಬಂದದ್ದನ್ನೆಲ್ಲ ಹೊಡೆದೆ. ಅದೂ ಹಳೆಯದಂತೆ.

ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ — ಅವರನ್ನು ಲಾಗೌಟ್ ಮಾಡಿ, ಅವರ ಎಂಪ್ಲಾಯಿ ನಂಬರು ಹಾಕಿ, ಪಾಸ್‌ವರ್ಡ್ ಜಾಗದಲ್ಲಿ ಒಂದೇ ಒಂದು 'ಅ' ಹೊಡೆದೆ.

ಬಾಗಿಲು ತೆಗೆದುಕೊಂಡಿತು.

"ಅರೆ," ಎಂದರು ನಿದ್ದೆ ಡಾಕ್ಟರು. "ಇಷ್ಟೇನಾ?"

ಅವರ ಎದೆಯ ಮೇಲೆ ನೇತಾಡುತ್ತಿದ್ದ ಐಡಿ ಕಾರ್ಡ್ ನೋಡಿದೆ. ಎಂಪ್ಲಾಯಿ ನಂಬರು ಅಲ್ಲೇ ಅಚ್ಚಾಗಿದೆ, ಎಲ್ಲರ ಕೊರಳಲ್ಲೂ ಇರುವ ಹಾಗೆ. ಅದರ ಮೇಲೆ ಅವರ ಹೆಸರು. ಉದ್ದ ಹೆಸರು. ಎರಡು ಸಾಲು ಹಿಡಿದು ಮೂರನೆಯದಕ್ಕೆ ಇಳಿದಿದೆ.

ಜೂನ್ ೪, ಬುಧವಾರ

ಸಿಕ್ಕಿತು.

ನಮ್ಮ ಬಿಕ್ರಿಪ್ಟ್ ಗಿರಣಿ ಒಂದು ಸಲಕ್ಕೆ ಎಪ್ಪತ್ತೆರಡು ಬೈಟ್, ಅಂದರೆ ಎಪ್ಪತ್ತೆರಡು ಕಾಳು, ಮಾತ್ರ ತೆಗೆದುಕೊಳ್ಳುತ್ತದೆ. ಅದರಾಚೆ ಸುರಿದದ್ದನ್ನು ಅರೆಯುವುದೂ ಇಲ್ಲ, ಬೇಡ ಎನ್ನುವುದೂ ಇಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿರುವವರಿಗೆಲ್ಲ ಗೊತ್ತಿದೆ. ಎಪ್ಪತ್ತೆರಡು ಅಕ್ಷರದ ಪಾಸ್‌ವರ್ಡ್ ಯಾರು ಇಡುತ್ತಾರೆ ಅಂತ ಸುಮ್ಮನಿದ್ದೆವು.

ಆದರೆ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯವರು ಇನ್ನಷ್ಟು ಗಟ್ಟಿಯಾಗಲಿ ಅಂತ ಪಾಸ್‌ವರ್ಡಿನ ಮುಂದೆ ಉದ್ಯೋಗಿಯ ಹೆಸರು ಮತ್ತು ವಿಭಾಗ ಸೇರಿಸಿ ಅರೆಯುವಂತೆ ಬರೆದಿದ್ದಾರೆ. ಹೆಸರು ಇಂಗ್ಲಿಷಿನಲ್ಲಿ, ಇನಿಷಿಯಲ್ ಜೊತೆ ಇದ್ದಾಗ ತೊಂದರೆ ಇರಲಿಲ್ಲ, ಒಂದು ಅಕ್ಷರಕ್ಕೆ ಒಂದು ಬೈಟ್. ಹೋದ ವರ್ಷ ಹೆಸರುಗಳೆಲ್ಲ ನಮ್ಮ ಅಕ್ಷರಕ್ಕೆ ಬಂದವು, ಪೂರ್ತಿಯಾಗಿ ಬಂದವು. ನಮ್ಮದು ಒಂದೊಂದಕ್ಕೂ ಮೂರು ಬೈಟ್. ಕೊಂಬು ಬೇರೆ, ಗುಡಿಸು ಬೇರೆ, ಒತ್ತು ಬೇರೆ. ಹೆಸರಿನಲ್ಲಿ ಒಂದು 'ಕ್ಷ್ಮಿ' ಇದ್ದರೆ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಹದಿನೆಂಟು ಬೈಟ್. ಅಲ್ಲೇ ಕಾಲು ಭಾಗ ಮುಗಿಯಿತು.

ಹೆಸರು ಉದ್ದವಿದ್ದವರಿಗೆ ಹೆಸರಿನಲ್ಲೇ ಎಪ್ಪತ್ತೆರಡೂ ತುಂಬಿಹೋಗುತ್ತದೆ. ಪಾಸ್‌ವರ್ಡ್ ಗಿರಣಿಯ ಬಾಯಿಗೇ ಬೀಳುವುದಿಲ್ಲ. ಏನು ಹೊಡೆದರೂ ಅದೇ ಹಿಟ್ಟು. ಅದಕ್ಕೇ ಹೊಸದು ಹಳೆಯದಾಗಿ ಕಂಡದ್ದು. ಅದಕ್ಕೇ ದೂರು ಕೊಟ್ಟವರೆಲ್ಲ ಹಳಬರು — ನಮ್ಮಲ್ಲಿ ಹಳಬರ ಹೆಸರೇ ಉದ್ದ. ನಾನು ಅವರಿಗೆಲ್ಲ ಅರಳುಮರುಳು ಅಂದುಕೊಂಡೆ.

ರೈಲಕ್ಕನ ಖಾತೆಯನ್ನು ಪ್ರತಿ ಮಾಡಿಕೊಂಡು ನೋಡಿದೆ. 'ಅ' ಹೊಡೆದೆ. ತೆರೆಯಿತು. 'ಗುಬ್ಬಚ್ಚಿ' ಹೊಡೆದೆ. ತೆರೆಯಿತು. ಅದಕ್ಕೆ ಎರಡೂ ಒಂದೇ.

ಅವತ್ತು ಡ್ಯೂಟಿ ರೂಮಿನಲ್ಲಿ ಯಾರೋ ಆತುರದಲ್ಲಿ ತಮ್ಮ ನಂಬರಿನ ಬದಲು ರೈಲಕ್ಕನ ನಂಬರು ಹೊಡೆದಿರಬೇಕು. ತಮ್ಮದೇ ಪಾಸ್‌ವರ್ಡ್ ಹಾಕಿರಬೇಕು, ಒಳಗೆ ಹೋಗಿರಬೇಕು. ಆಮೇಲೆ ಕುತೂಹಲ. ಯಾರು? ಆ ರೂಮಿಗೆ ದಿನಕ್ಕೆ ಮೂವತ್ತು ಜನ ಬಂದುಹೋಗುತ್ತಾರೆ. ಇನ್ನು ತಿಳಿಯಲಿಕ್ಕಿಲ್ಲ.

ತಂಗಿಯೇ ತೆರೆದದ್ದು ಅಂತ ಹೇಳಲು ಮಾತ್ರ ಈಗ ಯಾವ ಆಧಾರವೂ ಉಳಿದಿಲ್ಲ. ಇದ್ದ ಆಧಾರ ನನ್ನ ಬಾಯಿಂದ ಬಂದ ಎರಡು ಪದ.

ನಾಚಿಕೆಯಾಗುತ್ತಿದೆ. ಸುಸ್ತಿನ ಮೇಲೆ ನಾಚಿಕೆ, ಏಳಲೂ ಆಗುತ್ತಿಲ್ಲ.

ಜೂನ್ ೫, ಗುರುವಾರ

ಆಡಳಿತಾಧಿಕಾರಿಗೆ ಹೇಳಿದೆ. ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಸರಿಪಡಿಸೋಕೆ ಎಷ್ಟು ದಿನ?"

"ಎರಡು ದಿನ ಸರ್. ಹೆಸರು ತೆಗೆದು ಬರೀ ಪಾಸ್‌ವರ್ಡ್ ಅರೆಯೋ ಹಾಗೆ ಮಾಡ್ಬೇಕು. ಆಮೇಲೆ ಎಲ್ಲರೂ ಹೊಸದಾಗಿ ಹಾಕ್ಕೋಬೇಕು."

"ಮಾಡಿಬಿಡಿ. ಹೊಸ ವರ್ಷನ್ ಬಂದಿದೆ ಅನ್ನಿ."

"ರೈಲಕ್ಕನ ತಂಗಿ ವಿಷಯ..."

"ನೋಡೀಮ್ಮ, ಮುಗಿದ ಕಥೆ ಅದು. ಈಗ ಎತ್ತಿದ್ರೆ ಆ ಹೆಡ್‌ಮಿಸ್ಟ್ರೆಸ್ ಕೋರ್ಟಿಗೆ ಹೋಗ್ತಾರೆ. ಪೇಪರಿನವರು ಬರ್ತಾರೆ. ಮೊದಲು ಕೇಳೋದು ನಿಮ್ಮನ್ನೇ. ನಾಲ್ಕು ಜನರ ಮುಂದೆ ಆಗೋದಿಲ್ಲ ಅಂದವರು ಯಾರು?"

ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ಕಾಳಜಿಯಲ್ಲೇ ಹೇಳಿದರು. ನಾನು ತಲೆಯಾಡಿಸಿ ಬಂದೆ. ಹೌದು, ತಲೆಯಾಡಿಸಿದೆ. ಹೇಳಿಬಿಟ್ಟರೆ ಮತ್ತೆ ವಿಚಾರಣೆ, ಮತ್ತೆ ಆ ಕುರ್ಚಿ, ಮತ್ತೆ ವಕೀಲರು. ನನಗೆ ನಿದ್ದೆ ಬೇಕಿತ್ತು, ಅಷ್ಟೇ.

ಸಂಜೆ ಇವರಿಗೆ ಎಲ್ಲ ಹೇಳಿದೆ. ಕಾಲನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದರು. ಏನಾದರೂ ತಮಾಷೆ ಮಾಡುತ್ತಾರೆ ಅಂದುಕೊಂಡೆ.

"ಆ ಹುಡುಗಿ ಮನೆ ಬಿಟ್ಟು ಎಷ್ಟು ದಿನ ಆಯ್ತು?" ಎಂದರು.

ಹೇಳಿದೆ. ಟವೆಲ್ ಕೇಳಿದರು.

ಜೂನ್ ೯, ಸೋಮವಾರ

ದೊಡ್ಡ ಡಾಕ್ಟರಮ್ಮನ ಕೋಣೆಗೆ ಹೋದೆ. ಹೊಸ ವರ್ಷನ್ ಬಗ್ಗೆ ವಿವರಿಸಲಿಕ್ಕಿದೆ ಅಂತ ಹೇಳಿ ಆಡಳಿತಾಧಿಕಾರಿಯನ್ನೂ ಕರೆಸಿಕೊಂಡೆ. ಮೋಸವೇ. ಆಗಲಿ.

"ಸರ್, ನಿಮ್ಮ ಎಂಪ್ಲಾಯಿ ನಂಬರ್ ಹೇಳಿ."

ಹೇಳಿದರು. ಅವರ ಹೆಸರೂ ಏನು ಕಡಿಮೆಯಲ್ಲ. ಪೂರ್ತಿ ಹೆಸರು ಹಾಕಬೇಕೆಂಬ ಆದೇಶ ಹೊರಡಿಸಿದವರೇ ಅವರು, ಅದರ ಕೆಳಗೆ ಊರಗಲದ ಸಹಿ. ಡಾಕ್ಟರಮ್ಮನ ಕಂಪ್ಯೂಟರಿನಲ್ಲಿ ನಂಬರು ಹಾಕಿದೆ.

"ಮೇಡಂ, ಪಾಸ್‌ವರ್ಡ್ ನೀವೇ ಹೊಡೀರಿ. ನಿಮ್ಮಿಷ್ಟ ಬಂದದ್ದು."

ಡಾಕ್ಟರಮ್ಮ ನನ್ನ ಮುಖ ನೋಡಿದರು. ಒಂದು ಬೆರಳಲ್ಲಿ 'ಕಾಫಿ' ಅಂತ ಹೊಡೆದರು.

ಪರದೆಯ ತುಂಬ ಆಡಳಿತಾಧಿಕಾರಿಯ ಮೇಲ್‌ಗಳು. ಮೊದಲನೆಯದೇ ಡಾಕ್ಟರಮ್ಮನ ಬಗ್ಗೆ ಯಾರಿಗೋ ಬರೆದ ದೂರು. ಅದು ನನ್ನ ಲೆಕ್ಕದಲ್ಲಿರಲಿಲ್ಲ, ದೇವರಾಣೆ.

"ಮುಚ್ಚಿ, ಮುಚ್ಚಿ," ಎಂದರು ಆಡಳಿತಾಧಿಕಾರಿ, ಕುರ್ಚಿಯಿಂದ ಅರ್ಧ ಎದ್ದು.

ಡಾಕ್ಟರಮ್ಮ ಮುಚ್ಚಲಿಲ್ಲ. ಓದಿ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಕೌಂಟರಿನ ಹುಡುಗಿ?" ಎಂದರು.

"ಅವಳು ಅಂತ ಹೇಳೋಕೆ ಆಗಲ್ಲ ಮೇಡಂ. ಯಾರು ಬೇಕಾದ್ರೂ ಆಗಿರ್ಬಹುದು. ಅವತ್ತು ನಾನು ಹೇಳಿದ್ದು ತಪ್ಪು."

"ಬರೆದು ಕೊಡ್ತೀರಾ?"

ಅಲ್ಲೇ ನಿಂತುಕೊಂಡು ಬರೆದುಕೊಟ್ಟೆ. ವಜಾ ಆದೇಶ ವಾಪಸ್ ಪಡೆಯುತ್ತಾರೆ. ಹೆಡ್‌ಮಿಸ್ಟ್ರೆಸ್‌ಗೆ ಆಸ್ಪತ್ರೆಯ ಕಡೆಯಿಂದ ಡಾಕ್ಟರಮ್ಮನೇ ಹೋಗಿ ಹೇಳುತ್ತಾರಂತೆ. ನನ್ನ ಮೇಲೆ ಏನು ಕ್ರಮವೋ ಗೊತ್ತಿಲ್ಲ. ಕೇಳಲಿಲ್ಲ.

ಜೂನ್ ೧೦, ಮಂಗಳವಾರ

ಸ್ಟೋರಿನಲ್ಲಿ ರೈಲಕ್ಕ ಬೆಡ್‌ಶೀಟ್ ಮಡಚುತ್ತಿದ್ದರು. ನಾನೂ ಒಂದು ತುದಿ ಹಿಡಿದುಕೊಂಡೆ. ಬೈಟು ಗೀಟು ಅಂದರೆ ಅರ್ಥವಾಗದು, ರೈಲಿನಿಂದಲೇ ಶುರು ಮಾಡಿದೆ.

"ಅಕ್ಕಾ, ಪ್ಲಾಟ್‌ಫಾರಂ ಚಿಕ್ಕದು, ರೈಲು ಉದ್ದ ಅಂದ್ಕೊಳ್ಳಿ. ಕೊನೇ ಬೋಗಿ ಆಚೆ ಕತ್ತಲಲ್ಲೇ ನಿಂತಿರುತ್ತೆ. ಟಿಕೆಟ್ ನೋಡೋನು ಪ್ಲಾಟ್‌ಫಾರಂ ಮೇಲಿರೋ ಬೋಗಿ ಮಾತ್ರ ನೋಡ್ತಾನೆ. ನಿಮ್ಮ ಹೆಸರೇ ಪ್ಲಾಟ್‌ಫಾರಂ ತುಂಬಿಬಿಡ್ತು. ಪಾಸ್‌ವರ್ಡ್ ಕೊನೇ ಬೋಗಿ. ಅದನ್ನ ಯಾರೂ ನೋಡ್ಲೇ ಇಲ್ಲ."

"ಅಂದ್ರೆ, ನಾನು ಹೊಸದು ಹಾಕಿದ್ದು..."

"ನಿಜವಾಗ್ಲೂ ಹೊಸದೇ. ನೀವು ಹೇಳಿದ್ದು ಸರಿ."

"ಹಾಗಾದ್ರೆ ಪಾಸ್‌ವರ್ಡ್ ಗೊತ್ತಿಲ್ದೇ ಇದ್ರೂ..."

"ಯಾರು ಬೇಕಾದ್ರೂ."

ಶೀಟು ಅವರ ಕೈಯಿಂದ ಜಾರಿತು. ಎತ್ತಿಕೊಳ್ಳಲಿಲ್ಲ. ಬೈಯುತ್ತಾರೆ, ಅಳುತ್ತಾರೆ, ಎರಡಕ್ಕೂ ತಯಾರಾಗಿ ಹೋಗಿದ್ದೆ. ಎರಡೂ ಮಾಡಲಿಲ್ಲ.

"ನೀನು ಓದಿದವಳು," ಎಂದರು ಕೊನೆಗೆ. "ಆಗೋದೇ ಇಲ್ಲ ಅಂದೆ. ನಾನು ನಿನ್ನ ನಂಬ್ದೆ ಕಣಮ್ಮ. ನಾನೇ ಎತ್ತಿ ಆಡಿಸಿದ ಮಗು ಅದು, ಅದನ್ನ ನಂಬ್ಲಿಲ್ಲ."

ಕ್ಷಮಿಸಿ ಎಂದೆ. ಕೇಳಿಸಿತೋ ಇಲ್ಲವೋ. ಕೆಳಗೆ ಬಿದ್ದ ಶೀಟನ್ನು ನಾನೇ ಮಡಚಿಟ್ಟೆ.

ಬಾಗಿಲವರೆಗೆ ಬಂದಾಗ ಹಿಂದಿನಿಂದ ದನಿ: "ನನ್ನ ಫೋನ್ ಎತ್ತಲ್ಲ ಅವಳು. ನೀನು ಹೋಗಿ ಹೇಳ್ತೀಯಾ?"

ಜೂನ್ ೧೪, ಶನಿವಾರ

ಹೋದೆ. ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ ಅವಳಿಗೆ. ಗೋಡೆ ತುಂಬ ಖಾಲಿ ಫ್ರೇಮುಗಳು, ಅವುಗಳ ನಡುವೆ ಅವಳ ಮುಖ. ತೆಳ್ಳಗಾಗಿದ್ದಾಳೆ.

ಗಿರಾಕಿ ಹೋಗುವವರೆಗೆ ಕಾದೆ. ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಕೆಲಸಕ್ಕೆ ವಾಪಸ್ ಕರೆದ ಪತ್ರ ಕೊಟ್ಟೆ. ಬಟ್ಟೆಯಿಂದ ಗಾಜು ಒರೆಸುತ್ತಲೇ ಕೇಳಿಸಿಕೊಂಡಳು. ಪತ್ರ ಬಿಚ್ಚಲಿಲ್ಲ.

"ಅಕ್ಕ ಹೇಗಿದ್ದಾಳೆ?"

"ಎರಡು ಡಬ್ಬಿ ತರ್ತಾರೆ ಇನ್ನೂ."

ಬಟ್ಟೆ ಒಂದು ಕ್ಷಣ ನಿಂತಿತು. ಮತ್ತೆ ಒರೆಸತೊಡಗಿದಳು.

"ಮೇಡಂ, ಒಂದು ಕೇಳ್ಲಾ? ಕಂಪ್ಯೂಟರ್ ತಪ್ಪು ಅಂತ ಗೊತ್ತಾಯ್ತು, ಅದಕ್ಕೆ ಈಗ ಅಕ್ಕನಿಗೆ ನನ್ನ ಮೇಲೆ ನಂಬಿಕೆ ಬಂತು. ಅಲ್ವಾ? ಅದು ಸರಿಯಾಗೇ ಇದ್ದಿದ್ರೆ? ಬೇರೆ ಇನ್ಯಾವುದೋ ರೀತಿ ಆಗಿ, ಅದು ನಿಮಗೆ ಸಿಗದೇನೇ ಹೋಗಿದ್ರೆ? ಸಾಯೋವರೆಗೂ ನಾನೇ ಕಳ್ಳಿ ತಾನೇ ಅವಳಿಗೆ?"

ಮೇಜಿನ ಮೇಲಿದ್ದ ಪತ್ರವನ್ನು ಅವಳ ಕಡೆ ಇನ್ನಷ್ಟು ಸರಿಸಿದೆ.

"ನಿಮಗೆ ಗೊತ್ತಿರಲ್ಲ, ಬಿಡಿ. ಅವಳನ್ನ ಕೇಳಿ. ಇದೊಂದು ಕೇಳಿ. ಅವಳು ಏನಂತಾಳೋ ಅದರ ಮೇಲೆ ನೋಡ್ತೀನಿ."

ಬರುವ ದಾರಿಯಲ್ಲಿ ಎರಡು ಬಸ್ಸು ಬಿಟ್ಟೆ. ಹತ್ತಲು ಮನಸ್ಸಾಗಲಿಲ್ಲ.

ಜೂನ್ ೧೬, ಸೋಮವಾರ, ಮಧ್ಯಾಹ್ನ

ಹೊಸ ವ್ಯವಸ್ಥೆ ಶುರು. ಬೆಳಗ್ಗೆಯಿಂದ ಸಾಲು. ಉದ್ದ ಹೆಸರಿನವರನ್ನೆಲ್ಲ ನಾನೇ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡೆ. ನಿದ್ದೆ ಡಾಕ್ಟರು ನಾಯಿಯ ಹೆಸರನ್ನೇ ಹಾ‌ಕಿದರು, ಒಂದೇ ಏಟಿಗೆ ಹಿಡಿಯಿತು. ಆಡಳಿತಾಧಿಕಾರಿ ನನಗೆ ಬೆನ್ನು ಮಾಡಿ, ಪರದೆಗೆ ಕೈ ಅಡ್ಡ ಹಿಡಿದು ಹೊಡೆದರು.

ಎಲ್ಲರೂ ಹೋದ ಮೇಲೆ ರೈಲಕ್ಕ ಬಂದರು. ಮತ್ತೆ ವಾರ್ಡಿನ ಸಮವಸ್ತ್ರ. ಕೈಯಲ್ಲಿ ಊಟದ ಚೀಲ. ನನ್ನ ಕುರ್ಚಿಯಲ್ಲೇ ಕೂರಿಸಿದೆ.

"ಹಳೇದು ಹಾಕ್ಬಾರ್ದು ಅಲ್ವಾ?"

ನಿಯಮದ ಪ್ರಕಾರ ಬೇಡ ಎನ್ನಬೇಕಿತ್ತು. ಆ ಪಾಸ್‌ವರ್ಡ್ ಈಗ ವಿಚಾರಣೆಯ ಕಾಗದದಲ್ಲೂ ಇದೆ. ಎನ್ನಲಿಲ್ಲ. ನಾಳೆ ಬದಲಾಯಿಸಿದರಾಯಿತು.

"ಹಾಕಿ ಅಕ್ಕಾ. ಕಂಪ್ಯೂಟರಿಗೆ ಅದು ಹೊಸದೇ. ಇಷ್ಟು ದಿನ ಒಂದ್ಸಲಾನೂ ಓದಿಲ್ಲ."

ಒಂದೊಂದೇ ಅಕ್ಷರ ಹುಡುಕಿ ಹೊಡೆದರು. ತುಟಿ ಅಲ್ಲಾಡುತ್ತಿತ್ತು. ಪರದೆಯಲ್ಲಿ ಚುಕ್ಕಿಗಳಷ್ಟೇ. ಎಂಟರ್ ಒತ್ತಿದರು.

ಪಾಸ್‌ವರ್ಡ್ ಸ್ವೀಕರಿಸಲಾಗಿದೆ.

ರೈಲಕ್ಕ ಆ ಸಾಲನ್ನೇ ನೋಡುತ್ತ ಕೂತರು. ಚೀಲದಿಂದ ಎರಡೂ ಡಬ್ಬಿ ತೆಗೆದು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದನ್ನು ನನ್ನ ಕಡೆ ಸರಿಸಿದರು, ಮತ್ತೆ ಏನನ್ನಿಸಿತೋ ಈಚೆ ಎಳೆದುಕೊಂಡರು.

"ಅವಳನ್ನ ನೋಡ್ಕೊಂಡು ಬಂದ್ಯಂತೆ," ಎಂದರು, ತಲೆಯೆತ್ತದೆ. "ಏನಂದ್ಲು?"

ಎರಡು ದಿನದಿಂದ ನಾಲಿಗೆಯ ತುದಿಯಲ್ಲೇ ಇದೆ ಆ ಪ್ರಶ್ನೆ. ಮೆತ್ತಗೆ ಮಾಡಿ ಹೇಳಬಹುದಿತ್ತು. ಬರುತ್ತಾಳೆ ಅಕ್ಕಾ, ಎಂದುಬಿಡಬಹುದಿತ್ತು. ಆದರೆ ಖಚಿತವಾಗಿ ಗೊತ್ತಿಲ್ಲದ್ದನ್ನು ಇವರಿಗೆ ಒಂದು ಸಲ ಹೇಳಿ ಆಗಿದೆ.

ಕುರ್ಚಿ ಎಳೆದುಕೊಂಡು ಎದುರು ಕೂತೆ. "ಅಕ್ಕಾ," ಎಂದೆ, "ಅವಳು ನಿಮ್ಮನ್ನ ಒಂದು ಮಾತು ಕೇಳು ಅಂದಿದ್ದಾಳೆ. ಕಂಪ್ಯೂಟರ್ ಸರಿಯಾಗೇ ಇದ್ದಿದ್ರೆ —"